ದೀಪದ ಕಾಗದ

ದಕ್ಷಿಣದ ಯುಗೊ ಗಾಳಿ ಬೀಸಿದ ದಿನ ಶಿಬೆನಿಕ್ ಊರಿನಲ್ಲಿ ಯಾರಿಗೂ ಕೆಲಸಕ್ಕೆ ಮೈ ಬಗ್ಗುವುದಿಲ್ಲ. ಹಡಗುಗಳಿಗೆ ದಾರಿ ತೋರುವ ದೀಪಸ್ತಂಭಗಳ ಕಚೇರಿಯಲ್ಲಿ ಯಾಗೊಡಾ, ಬೂದು ಸಮುದ್ರವೂ ಬೂದು ಆಕಾಶವೂ ಒಂದಾಗಿ ತೇಲುವುದನ್ನು ಅರೆಗಣ್ಣಿನಲ್ಲಿ ನೋಡುತ್ತ ಕೂತಿದ್ದಳು. ಮೂರು ದಿನದಿಂದ ಅವಳ ಮನಸ್ಸು ಹಗುರವಾಗಿತ್ತು. ಇಪ್ಪತ್ತೆರಡು ದೀಪಗಳ ಯಂತ್ರಗಳು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ತಮ್ಮನ್ನು ತಾವೇ ಪರೀಕ್ಷಿಸಿಕೊಂಡು 'ದೀಪ ಸರಿಯಾಗಿದೆ' ಎಂದು ಒಂದು ಸಾಲು ಉಗುಳುತ್ತಿದ್ದವು. ಸರ್ವರ್ ಅದನ್ನು ಮೇಲ್ ಮಾಡಿ ಪಟ್ಟಿಯಲ್ಲಿದ್ದವರಿಗೆಲ್ಲ ಕಳಿಸುತ್ತಿತ್ತು. ಸರಿಯಿರುವುದನ್ನು ದಿನಾ ಡಂಗುರ ಸಾರುವುದೇಕೆ? ಆ ಸಾಲುಗಳೆಲ್ಲ ಯಾರಿಗೂ ತಲುಪದೆ ಶೂನ್ಯಕ್ಕೆ ಸುರಿದುಹೋಗುವಂತೆ ಮಾಡಿ, ಕೆಟ್ಟರೆ ಮಾತ್ರ ಬರೆಯಿರಿ ಎಂದು ಯಂತ್ರಗಳ ಬಾಯಿ ಕಟ್ಟಿದ್ದಳು. ಪಟ್ಟಿಯಲ್ಲಿ ಯಾರ್ಯಾರಿದ್ದಾರೆಂದು ನೋಡುವ ಗೋಜಿಗೆ ಮಾತ್ರ ಹೋಗಿರಲಿಲ್ಲ. ಜಾಣರು ಎಡವುವುದು ಇಂಥಲ್ಲೇ.

ಊಟದ ಹೊತ್ತು ಕಳೆದ ಮೇಲೆ ಫೋನ್ ಬಂತು. ದೂರದ ದ್ವೀಪದಿಂದ ನಿಕಾ ಎಂಬ ಮುದುಕಿ.

"ಏನಮ್ಮಾ, ಕ್ರಿವಾಚ್ ಬಂಡೆ ದೀಪಕ್ಕೆ ಏನು ಮಾಡಿದ್ರಿ? ಮೂರು ದಿನದಿಂದ ಕಾಗದ ಇಲ್ಲ ಅಂತ ನಮ್ಮನೆಯೋರು ಊಟ ಬಿಟ್ಟು ಕೂತಿದ್ರು. ಈಗ ದೋಣಿ ತಗೊಂಡು ಹೊರಟೇಬಿಟ್ರು, ಈ ಗಾಳೀಲಿ! ಎಪ್ಪತ್ತೆಂಟು ತುಂಬ್ತು, ಬುದ್ಧಿ ಮಾತ್ರ ಬರ್ಲಿಲ್ಲ."

"ದೀಪ ಚೆನ್ನಾಗೇ ಇದೆ ಅಜ್ಜಿ! ಫೋನ್ ಮಾಡಿ ಹೇಳಿ!"

"ನನ್ನ ಮಾತು ಕೇಳೋರಾಗಿದ್ರೆ ಐವತ್ತು ವರ್ಷದ ಹಿಂದೇನೇ ಕೇಳ್ತಿದ್ರು. ನನ್ನ ಕರೆ ಎತ್ತಲ್ಲ. ದೀಪದ ಕಾಗದಕ್ಕೆ ಮಾತ್ರ ಫೋನಲ್ಲಿ ಬೇರೆ ಗಂಟೆ ಇಟ್ಕೊಂಡಿದಾರೆ, ಮಹಾರಾಯರು!" ಎಂದಳು ಮುದುಕಿ.

ಯಾಗೊಡಾ ಪಟ್ಟಿ ತೆರೆದಳು. ಕೊನೆಯಲ್ಲಿ ವ್ಲಾಹೊ ಎಂಬ ಹೆಸರಿತ್ತು. ನಿಕಾಳ ಗಂಡ; ಯಂತ್ರ ಬರುವ ಮುಂಚೆ ಆ ಬಂಡೆಯ ದೀಪ ಕಾಯುತ್ತಿದ್ದ ಕಟ್ಟಕಡೆಯ ಕಾವಲುಗಾರ. ಯಾರೂ ಓದದ ಸರ್ವರಿನ ಅಂಚೆಪೆಟ್ಟಿಗೆಯನ್ನೂ ತೆರೆದಳು. ಒಂಬತ್ತು ವರ್ಷದಿಂದ ಅವನು ಆ ದೀಪದ ಪ್ರತಿಯೊಂದು ಸಾಲಿಗೂ ದೀಪಕ್ಕೇ ಉತ್ತರ ಬರೆದಿದ್ದ. 'ಗಾಜಿಗೆ ಉಪ್ಪು ಕೂತಿರ್ಬೇಕು, ಇಲ್ಲೂ ಮಬ್ಬು.' 'ಸಾರ್ಡೀನ್ ಮೀನು ಬಂದಿದೆ. ನಿಂಗೆ ದೋಣಿಗಳು ಕಾಣ್ತಾ?' 'ಮಂಡಿ ನೋವು, ನಿಕಾಗೆ ಹೇಳ್ಬೇಡ.' ಓದುತ್ತ ಓದುತ್ತ ಅವಳಿಗೆ ಕೋಣೆಯೇ ನೀರಿನ ಮೇಲೆ ಮೆಲ್ಲನೆ ತೇಲಿದಂತಾಯಿತು. ಕೊನೆಯದು ಅವತ್ತು ಮಧ್ಯಾಹ್ನವಷ್ಟೇ ಬರೆದದ್ದು: 'ಬರ್ತಿದೀನಿ. ಹೆದರ್ಕೋಬೇಡ.'

ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಕ್ರಿವಾಚ್ ದೀಪದ ಬಾಯಿಕಟ್ಟು ಬಿಚ್ಚಿ, ನಾಳೆಯ ಹನ್ನೆರಡಕ್ಕೆ ಕಾಯದೆ, ಪರೀಕ್ಷೆಯನ್ನು ಕೈಯಾರೆ ಓಡಿಸಿದಳು. ಸಾಲು ಹೊರಟಿತು. ಕಿಟಕಿಯಾಚೆ ಸಮುದ್ರಕ್ಕೆ ಅಂಚೇ ಇರಲಿಲ್ಲ. ಐದು ನಿಮಿಷ. ಹತ್ತು. ಫೋನಿನ ಆ ತುದಿಯಲ್ಲಿ ನಿಕಾ ಕಾಯುತ್ತಿದ್ದಳು.

ಅಂಚೆಪೆಟ್ಟಿಗೆಗೆ ಹೊಸದೊಂದು ಉತ್ತರ ಬಂದು ಬಿತ್ತು. ಯಾಗೊಡಾ ಅದನ್ನು ಮುದುಕಿಗೆ ಗಟ್ಟಿಯಾಗಿ ಓದಿ ಹೇಳಿದಳು.

'ಗಂಟೆ ಕೇಳ್ತು. ಬದುಕಿದೀಯಲ್ಲ, ಸಾಕು. ಅರ್ಧ ದಾರಿಯಿಂದ ದೋಣಿ ತಿರುಗಿಸ್ತಿದೀನಿ. ನಾಳೇನೂ ಬರಿ. ವಿಶೇಷ ಏನೂ ಇಲ್ದಿದ್ರೂ ಬರಿ.'