ಬಾಗಿಲ ಬಳಿಯ ಜಮಖಾನ

ಕ್ಯಾಂಪರ್ ಗಾಡಿಯ ಅಡಿಯಿಂದ ಆರ್ವಿಡನ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅಕ್ಕನ ಮಣ್ಣಿಗೆಂದು ಬೆಳಿಗ್ಗೆಯೇ ಪಾಲಿಶ್ ಮಾಡಿಕೊಂಡಿದ್ದ ಕಪ್ಪು ಶೂಗಳು ಆಕಾಶ ನೋಡುತ್ತಿದ್ದವು.

"ಏನ್ ಕಾಣಿಸ್ತಿದೆಯೋ?" ರೈನೊ ಬಗ್ಗಿ ಕೇಳಿದ.

"ಕತ್ತಲೆ. ಟಾರ್ಚು ಕೊಟ್ರೆ ಮಿಕ್ಕಿದ್ದೂ ಕಾಣುತ್ತೆ."

"ಮಾವ, ಹೊಸ ಅಂಗಿ ಅದು," ಎಂದಳು ಕಾರ್ಲಾ. "ಹನ್ನೊಂದಕ್ಕೆ ಚರ್ಚಲ್ಲಿರಬೇಕು ನಾವು."

"ನಿಮ್ಮಮ್ಮ ನನ್ನನ್ನ ಇದಕ್ಕಿಂತ ಕೊಳಕಾಗಿ ನೋಡಿದಾಳೆ ಬಿಡು."

ಐಲಿ ತೀರಿಕೊಂಡು ನಾಲ್ಕು ದಿನವಾಗಿತ್ತು. ಎಪ್ಪತ್ತಾರು ವಯಸ್ಸು, ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಇಪ್ಪತ್ತೊಂಬತ್ತು ವರ್ಷ ಊರಿನ ಶಾಲೆಯಲ್ಲಿ ಅಡುಗೆ ಮಾಡಿದವಳು. ಗಂಡ ರೈನೊನ ಹತ್ತಿರ ತನಗೆಂದು ಏನನ್ನೂ ಕೇಳಿದವಳಲ್ಲ. ಅವಳ ಅಡುಗೆ ಚೀಟಿಗಳ ಡಬ್ಬಿಯಲ್ಲಿ, ಏಲಕ್ಕಿ ಬ್ರೆಡ್ಡಿನ ಅಳತೆ ಬರೆದ ಚೀಟಿಯ ಹಿಂದೆ, ಅವಳ ಕೈಬರಹ ಸಿಕ್ಕಿತ್ತು: 'ನನ್ನ ಮಣ್ಣಿನ ದಿನದ ಕಾಫಿ ಚರ್ಚಿನ ನೆಲಮಾಳಿಗೆಯಲ್ಲಿ ಬೇಡ. ಕ್ಯಾಂಪರನ್ನು ಸರೋವರದ ದಂಡೆಗೆ ಒಯ್ಯಿರಿ. ಎಲ್ಲರೂ ಒಳಗೆ ಬಂದು ತಾವೇ ತೆಗೆದುಕೊಳ್ಳಲಿ.'

ಆ ಒಂದು ಮಾತನ್ನು ನಡೆಸಿಕೊಡಲೇಬೇಕೆಂದು ರೈನೊ ಹಟ ಹಿಡಿದಿದ್ದ. ಮಗಳು ಕಾರ್ಲಾಳಿಗೆ ನೆಲದ ಚಿಂತೆ.

ಕಾರಿನ ಹಿಂದೆ ಕಟ್ಟಿ ಎಳೆಯುವ ಹದಿನಾರು ಅಡಿಯ ಆ ಪುಟ್ಟ ಮನೆಯಲ್ಲಿ, ಬಾಗಿಲು ದಾಟಿದ ಕೂಡಲೇ ಒಂದು ಜಮಖಾನವಿತ್ತು. ಹಳೆ ಬಟ್ಟೆಯ ಚಿಂದಿಯಿಂದ ಐಲಿಯೇ ನೇಯ್ದದ್ದು. ಅದರ ಕೆಳಗೆ ನೆಲ ಮೆತ್ತಗಾಗಿದೆ, ಕಾಲಿಡಬಾರದು ಎಂಬುದು ಮನೆತನದ ಕಾನೂನು. ಮಕ್ಕಳು, ಮೊಮ್ಮಕ್ಕಳು, ಕೊನೆಗೆ ನಾಯಿ ಕೂಡ ಮೆಟ್ಟಿಲಿನಿಂದ ಉದ್ದ ಹೆಜ್ಜೆ ಹಾಕಿ ಜಮಖಾನವನ್ನು ದಾಟುವುದನ್ನು ಕಲಿತಿದ್ದವು.

"ಅರವತ್ತು ಕಪ್ಪಿನ ಕಾಫಿ ಪಾತ್ರೆ, ಚರ್ಚಿನ ಕಾಫಿ ಕಮಿಟಿಯ ನಾಲ್ಕು ಜನ ಹೆಂಗಸರು," ಕಾರ್ಲಾ ಬೆರಳು ಮಡಿಚಿದಳು. "ಇವತ್ತೇ ಯಾರಾದ್ರೂ ಕಾಲು ಮುರ್ಕೊಂಡ್ರೆ ಏನಪ್ಪಾ ಮಾಡೋದು? ನೆಲಮಾಳಿಗೇಲೇ ಇಟ್ಕೊಳ್ಳೋಣ. ಅಮ್ಮ ಬೇಜಾರು ಮಾಡ್ಕೊಳ್ಳಲ್ಲ."

"ಅವಳು ಯಾವತ್ತು ಬೇಜಾರು ಮಾಡ್ಕೊಂಡಿದಾಳೆ," ಎಂದ ರೈನೊ. "ಅದಕ್ಕೇ ಹೇಳ್ತಿರೋದು." ಆಮೇಲೆ ಸ್ವಲ್ಪ ಗತ್ತಿನಿಂದ, "ಬಾಗಿಲ ಹತ್ರ ಬಿಟ್ರೆ ಮಿಕ್ಕಿದ್ದೆಲ್ಲ ಗಟ್ಟಿ. ನಾನೇ ಹಾಕಿದ ನೆಲ ಅದು," ಎಂದ.

"ನೀನ್ ಹಾಕಿದ್ದು ಅನ್ನೋದೇ ಭಯ," ಅಡಿಯಿಂದ ಆರ್ವಿಡ್ ಹೇಳಿದ. "ಕೊಳೆತ ಹಲಗೆ ಮೇಲೆ ಹೊಸ ಹಲಗೆ ಹೊಡೆದೋನು ನೀನು. ಹುಳುಕು ಹಲ್ಲಿಗೆ ಬಣ್ಣ ಬಳಿದ ಹಾಗೆ."

ರೈನೊ ಕೊಟ್ಟ ಟಾರ್ಚಿನ ಬೆಳಕು ಅಡಿಯಲ್ಲಿ ಹೊತ್ತಿಕೊಂಡಿತು. ತಿರುಪುಳಿಯಿಂದ ಮರ ಚುಚ್ಚುವ ಸದ್ದು ಬಂತು. ಕೊಳೆತಿದ್ದರೆ ತಿರುಪುಳಿ ಬ್ರೆಡ್ಡಿಗೆ ಹೊಕ್ಕ ಹಾಗೆ ಹೊಗಬೇಕು. ಟಕ್, ಟಕ್ ಎಂದಿತು. ಮತ್ತೊಂದು ಕಡೆಯೂ ಟಕ್.

"ರೈನೊ, ಬಾಗಿಲು ಎಲ್ಲಿದೆ? ನಿನ್ನ ಕಾಲಿರೋ ಕಡೆ ತಾನೇ?"

"ಹೌದು."

"ಇಲ್ಲಿ ಕಲ್ಲಿನ ಹಾಗಿದೆ. ಹಳೆ ತೊಲೆ ಪಕ್ಕದಲ್ಲೇ ಹೊಸ ತೊಲೆ ಜೋಡಿಸಿ ಬೋಲ್ಟ್ ಹಾಕಿದಾರೆ. ಇದು ನಿನ್ ಕೈಕೆಲಸ ಅಲ್ಲ. ನೇರವಾಗಿದೆ."

ಆರ್ವಿಡ್ ಅಡಿಯಲ್ಲೇ ನಗತೊಡಗಿದ. ಶೂಗಳು ಅಲುಗಾಡಿದವು.

"ಏನೋ ಅದು?"

"ಪೆನ್ಸಿಲಲ್ಲಿ ಬರೆದಿದೆ. ಕೇಳು: 'ಐಲಿ, ಲೆಂಪಿ. ಗಂಡಸರು ಕಾಡಿನಲ್ಲಿದ್ದಾಗ.'"

*

ನವೆಂಬರಿನ ಎರಡು ವಾರ ಆ ಊರಿನಲ್ಲಿ ಗಂಡಸರಿರುವುದಿಲ್ಲ. ಜಿಂಕೆ ಬೇಟೆಗೆಂದು ಕಾಡಿನ ಗುಡಿಸಲು ಸೇರುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ, ರೈನೊ ತನ್ನ ನೆಲ ಹಾಕಿ ಎರಡು ಬೇಸಿಗೆ ಕಳೆದ ಮೇಲಿನ ಅಂಥದೊಂದು ವಾರದಲ್ಲಿ, ಐಲಿ ಎದುರು ಮನೆಯ ಲೆಂಪಿಯನ್ನು ಕರೆದು ಕೊಟ್ಟಿಗೆಯಲ್ಲಿದ್ದ ಕ್ಯಾಂಪರನ್ನು ತೋರಿಸಿದಳು.

"ಬಾಗಿಲ ಹತ್ರ ಕಾಲಿಡು."

ಲೆಂಪಿ ಕಾಲಿಟ್ಟಳು. ನೆಲ ಕುಸಿದು ಮೇಲೆ ಬಂತು. "ಇದೇನೇ, ಹಿಟ್ಟು ಹುದುಗು ಬಂದ ಹಾಗಿದೆ."

"ಪಾಪ, ಮೂರು ದಿನ ಬೆವರು ಸುರಿಸಿ ಮಾಡಿದಾರೆ. ನೀರು ಎಲ್ಲಿಂದ ಬರ್ತಿದೆ ಅಂತ ಮಾತ್ರ ನೋಡಿಲ್ಲ. ಹಾಲು ಉಕ್ಕುವಾಗ ಒಲೆ ಆರಿಸದೆ ಕಟ್ಟೆ ಒರೆಸಿದ ಹಾಗೆ."

ಹೂವಿಗೆ ನೀರೆರೆಯುವ ಜಗ್ಗಿನಿಂದ ಐಲಿ ಹೊರಗಿನ ಗೋಡೆಗೆ ಮೆಲ್ಲಗೆ ನೀರು ಸುರಿದಳು. ಲೆಂಪಿ ಒಳಗೆ ಕುಳಿತು ನೋಡಿದಳು. ಬಾಗಿಲ ಚೌಕಟ್ಟಿನ ಮೇಲಿನ ಮೂಲೆಯಿಂದ ಒಂದು ಎಳೆ ಇಳಿಯಿತು. ಮೊದಲು ಆ ಮೂಲೆಯನ್ನು ಬಿಗಿಮಾಡಿದರು. ಆಮೇಲೆ ನೆಲದ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಸುತ್ತಿಟ್ಟು, ಗರಗಸದಿಂದ ಗಟ್ಟಿ ಮರ ಸಿಗುವವರೆಗೂ ಕೊಯ್ದರು. ಕಪ್ಪಗೆ ಒದ್ದೆಯಾದ ಮರವನ್ನು ಶಾಲೆಯ ಅಡುಗೆಮನೆಯ ಸೌಟಿನಿಂದಲೇ ಬಕೆಟ್ಟಿಗೆ ತೋಡಿದರು. ಸೀಮೆಎಣ್ಣೆ ಹೀಟರು ಇಟ್ಟು ಮೂರು ದಿನ ಒಣಗಿಸಿದರು. ಹೊಸ ತೊಲೆ, ಹೊಸ ಹಲಗೆ. ಕೊನೆಗೆ ರೈನೊನ ಅದೇ ಹಾಳೆಯನ್ನು, ಅವನು ಬಿಸಿ ಕೆಟಲು ಇಟ್ಟು ಸುಟ್ಟ ದುಂಡು ಕಲೆಯ ಸಮೇತ, ಮೊದಲಿನ ಹಾಗೆಯೇ ಅಂಟಿಸಿದರು.

"ಹೇಳ್ತೀಯಾ ಅವರಿಗೆ?" ಲೆಂಪಿ ಕೇಳಿದಳು.

"ಯಾಕೆ? ಒಂದಿನ ಕಾಲಿಡ್ತಾರಲ್ಲ, ಆಗ ಗೊತ್ತಾಗುತ್ತೆ."

ಮುಂದಿನ ಬೇಸಿಗೆಯೆಲ್ಲ ಐಲಿ ಕಾದಳು. ರೈನೊ ಉದ್ದ ಹೆಜ್ಜೆ ಹಾಕಿ ದಾಟಿದ. ಮಕ್ಕಳು ದಾಟಿದರು. ಅತಿಥಿಗಳು ಬಂದರೆ, "ನೋಡ್ಕೊಂಡು, ಅಲ್ಲಿ ಮೆತ್ತಗಿದೆ" ಎಂದು ರೈನೊ ಕೈ ಹಿಡಿದು ದಾಟಿಸಿದ. ಆಗಸ್ಟಿನಲ್ಲಿ ಐಲಿ ಕಾಯುವುದನ್ನು ಬಿಟ್ಟಳು. ಬದಲಿಗೆ ಒಂದು ಜಮಖಾನ ನೇಯ್ದು ಅಲ್ಲಿ ಹಾಸಿದಳು.

*

ಲೆಂಪಿ ಕಾಫಿ ಪಾತ್ರೆ ತಬ್ಬಿಕೊಂಡು ಅಂಗಳಕ್ಕೆ ಬಂದಾಗ ಮೂವರೂ ಅವಳನ್ನೇ ನೋಡುತ್ತಿದ್ದರು. ಆರ್ವಿಡನ ಬೆನ್ನಿಗೆ ಹುಲ್ಲು ಮೆತ್ತಿಕೊಂಡಿತ್ತು.

"ಗೊತ್ತಾಯ್ತಾ?" ಲೆಂಪಿ ಪಾತ್ರೆ ಕೆಳಗಿಟ್ಟಳು. "ದೇವರು ದೊಡ್ಡವನು. ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿರೋದು ಅಂದ್ರೇನು. ನನ್ನ ಮದುವೇನೇ ಅಷ್ಟು ದಿನ ಬಾಳಲಿಲ್ಲ."

"ಆಂಟಿ, ಅಮ್ಮ ಯಾಕೆ ಹೇಳಲಿಲ್ಲ?"

ಲೆಂಪಿ ಒಮ್ಮೆ ರೈನೊನ ಕಡೆ ನೋಡಿದಳು. "ಮೊದಲನೇ ವರ್ಷ ನಿಮ್ಮಪ್ಪನ ಮನಸ್ಸು ನೋಯಬಾರದು ಅಂತ. ಆಮೇಲೆ ಅದಕ್ಕಲ್ಲ. ಆ ಗಾಡೀಲಿ ನೀವು ಐದು ಜನ, ಒಂದು ನಾಯಿ. ಮಲಗೋಕೆ ಒಬ್ಬರ ಕಾಲು ಇನ್ನೊಬ್ಬರ ಮೂಗಿಗೆ. ಅಲ್ಲಿ ಯಾರೂ ಕಾಲಿಡದೆ ಇರೋ ಜಾಗ ಅದೊಂದೇ. ನಿಮ್ಮಮ್ಮ ಕಾಫಿ ಹಿಡ್ಕೊಂಡು ಎಲ್ಲಿ ನಿಂತಿರ್ತಿದ್ದಳು ಹೇಳು?"

ಕಾರ್ಲಾಳಿಗೆ ನೆನಪಾದದ್ದು ಅಮ್ಮನ ಬೆನ್ನು. ಬಾಗಿಲಲ್ಲಿ, ಜಮಖಾನದ ಮೇಲೆ, ನೀರಿನ ಕಡೆ ತಿರುಗಿದ ಬೆನ್ನು. ಅಮ್ಮ ಹಗುರ, ಅದಕ್ಕೇ ನೆಲ ತಡೆಯುತ್ತದೆ ಎಂದುಕೊಂಡಿದ್ದಳು. ಅಮ್ಮನೇನೂ ಹಗುರವಿರಲಿಲ್ಲ.

ರೈನೊನ ಕಿವಿಗಳು ಕೆಂಪಾದವು. ಆಮೇಲೆ ಮೂಗು ಒರೆಸಿಕೊಂಡು ಹೇಳಿದ, "ಇಪ್ಪತ್ತೆರಡು ವರ್ಷ ಗಟ್ಟಿ ನೆಲ ದಾಟಿಕೊಂಡು ಓಡಾಡಿದೀನಿ ನಾನು."

"ಮಂಡಿ ನೋವು ಅಂತ ಡಾಕ್ಟರ ಹತ್ರ ಅಲೆದಿದ್ದೂ ಅದಕ್ಕೇ ಇರಬೇಕು," ಎಂದ ಆರ್ವಿಡ್.

ರೈನೊ ಮೊದಲು ಕೆಮ್ಮಿದ ಹಾಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾರ್ಲಾ, ಗಾಡಿ ಕಟ್ಟು," ಎಂದ. "ನಾಲ್ಕಲ್ಲ, ಎಂಟು ಜನ ಹೆಂಗಸರನ್ನ ಕರಿ."

*

ಮಣ್ಣು ಮುಗಿಸಿ ಊರಿನ ಜನ ದಂಡೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಜೂನ್ ತಿಂಗಳಾದರೂ ಸರೋವರದಿಂದ ತಣ್ಣನೆ ಗಾಳಿ. ಒಳಗೆ ಕಮಿಟಿಯ ಹೆಂಗಸರು ಬ್ರೆಡ್ಡು ಕೊಯ್ಯುತ್ತಿದ್ದರು. ಏಲಕ್ಕಿ ವಾಸನೆ ಮರಳಿನವರೆಗೂ ಬರುತ್ತಿತ್ತು.

ಬಂದವರಲ್ಲಿ ರೈನೊ ಮೊದಲು ಮೆಟ್ಟಿಲು ಹತ್ತಿದ. ಅವನ ಬಲಗಾಲು ತಾನಾಗಿಯೇ ಉದ್ದಕ್ಕೆ ಚಾಚಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡು ಜಮಖಾನದ ಮೇಲಿಟ್ಟ. ಎಡಗಾಲನ್ನೂ ಇಟ್ಟ. ಲೆಂಪಿ ಕೊಟ್ಟ ಕಪ್ಪು ಹಿಡಿದು ಬಾಗಿಲ ಕಡೆ ತಿರುಗಿದ. ಬಾಗಿಲ ಮೇಲಂಚು ಅವನ ಕಣ್ಣಿಗೆ ಅಡ್ಡ ಬಂತು. ಮಂಡಿ ಸ್ವಲ್ಪ ಮಡಿಸಿ, ಹೆಂಡತಿಯ ಎತ್ತರಕ್ಕೆ ಇಳಿದ. ಈಗ ಕಣ್ಣಿಗೆ ಅಡ್ಡ ಏನೂ ಇಲ್ಲ, ಎದುರಿಗೆ ನೀರು ಮಾತ್ರ.

"ರೈನೊ, ಜರುಗೋ," ಆರ್ವಿಡ್ ಹೊರಗಿನಿಂದ ಕೂಗಿದ. "ಸಾಲು ಕಾರಿನವರೆಗೂ ಹೋಗಿದೆ."

"ದಾಟಿಕೊಂಡು ಬನ್ನಿ," ಎಂದ ರೈನೊ.

ಊರಿನವರು ಒಬ್ಬೊಬ್ಬರಾಗಿ ಅವನ ಪಕ್ಕದಲ್ಲೇ ನುಸುಳಿ, ಜಮಖಾನಕ್ಕೆ ಕಾಲು ತಾಗದಂತೆ ಉದ್ದ ಹೆಜ್ಜೆ ಹಾಕುತ್ತ ಒಳಗೆ ಹೋದರು.