ಮಾತಿನ ಕೊಳವೆ

"ಕೊಡೋ ಇಲ್ಲಿ, ಇವತ್ತೊಂದು ದಿನ ಆದ್ರೂ ಬಿಡು," ಎಂದು ಅತ್ತೆ ಟೀ ಸೋಸುವ ಜಾಲರಿಗೆ ಕೈ ಹಾಕಿದರು. ಅಪ್ಪ ಕೊಡಲಿಲ್ಲ. ಪಾತ್ರೆ ಓರೆ ಮಾಡಿ, ಹನಿಯೂ ಚೆಲ್ಲದಂತೆ ಲೋಟದಿಂದ ಲೋಟಕ್ಕೆ ಸೋಸುತ್ತಲೇ ಹೋದರು.

"ಹೆಂಡತಿ ಹಾಲ್‌ನಲ್ಲಿ ಮಲಗಿದಾಳೆ, ನೀನಿಲ್ಲಿ ಟೀ ಮಾಡ್ಕೊಂಡು ನಿಂತಿದೀಯ. ಬಂದವರು ಏನಂದ್ಕೋಬೇಕು?"

"ಚೆನ್ನಾಗಿದೆ ಅಂದ್ಕೋಬೇಕು," ಅಂದರು ಅಪ್ಪ. "ಇವತ್ತು ಸಕ್ಕರೆ ಹದವಾಗಿ ಬಿದ್ದಿದೆ."

ಬಾಗಿಲಿಗೆ ಒರಗಿ ನಿಂತಿದ್ದ ಮಗಳಿಗೆ ಅಳು, ನಗು ಒಟ್ಟಿಗೇ ಬಂದವು. ಎರಡನ್ನೂ ನುಂಗಿಕೊಂಡು ತಟ್ಟೆ ಎತ್ತಿಕೊಂಡು ಹಾಲ್‌ಗೆ ನಡೆದಳು.

ಸೋಫಾ ಬಾಲ್ಕನಿಗೆ ಹೋಗಿತ್ತು. ಅದಿದ್ದ ಜಾಗದಲ್ಲಿ, ಬಿಳಿ ಹೂಗಳ ನಡುವೆ, ಅಮ್ಮ. ಮೂಲೆಗೆ ತಳ್ಳಿದ್ದ ಹೊಲಿಗೆ ಮೆಷಿನ್ನಿನ ಮೇಲೆ ಯಾರೋ ಖಾಲಿ ಲೋಟಗಳನ್ನು ಸಾಲಾಗಿ ಇಟ್ಟಿದ್ದರು. ಬಂದವರೆಲ್ಲ ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಾತ್ರ ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಬಳಗದಲ್ಲಿ ಯಾರು ಹೋದರೂ ಕೊನೆಗೆ ನಾಲ್ಕು ಮಾತಾಡುವುದು ಅವರೇ. ಹೆಸರೊಂದು ಬದಲಾಗುತ್ತದೆ, ಮಾತು ಅದೇ ಎಂದು ಅಮ್ಮ ನಗುತ್ತಿದ್ದಳು.

"ಬಾ ಇಲ್ಲಿ, ಕೇಳು," ಎಂದು ದೊಡ್ಡಪ್ಪ ಚೀಟಿ ಬಿಡಿಸಿದರು. "'ಇದ್ದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನೆರಳಿನಂತೆ ಬಾಳಿದವಳು. ಗಂಡನೆದುರು ಒಂದು ದಿನವೂ ದನಿ ಎತ್ತಿದವಳಲ್ಲ.' ಹೇಗಿದೆ?"

ಹಾಗಿರಲಿಲ್ಲ ಎನ್ನಬೇಕೆನಿಸಿತು ಮಗಳಿಗೆ. ದೊಡ್ಡಪ್ಪ ಮಾತಾಡುವಾಗ ಈ ಮನೆಯ ಹೆಂಗಸರು ಖಾಲಿ ಲೋಟ ಎತ್ತುತ್ತಾರೆ, ಬಾಯಿ ತೆರೆಯುವುದಿಲ್ಲ. "ಚೆನ್ನಾಗಿದೆ ದೊಡ್ಡಪ್ಪ," ಎಂದುಬಿಟ್ಟಳು. ಅಂದ ಮರುಕ್ಷಣವೇ ತನ್ನ ಮೇಲೇ ರೇಗಿತು. ಆ ಚೀಟಿ ಓದಿಬಿಟ್ಟರೆ ಮುಗಿಯಿತು. ಅಮ್ಮ ಈ ಮೆಟ್ಟಿಲಿಳಿದು ಹೋಗುವುದು ನೆರಳಾಗಿಯೇ, ಎಲ್ಲರ ನೆನಪಿನಲ್ಲಿ ಉಳಿಯುವುದೂ ಹಾಗೆಯೇ.

"ಇದ್ದದ್ದು ಗೊತ್ತಾಗ್ಲಿಲ್ವಂತಾ?" ಅಮ್ಮನ ತಲೆಯ ಬಳಿ ಕೂತಿದ್ದ ಹೆಂಗಸು ಮುಖ ಎತ್ತಿದಳು. ಗಾರ್ಮೆಂಟ್ಸಿನಲ್ಲಿ ಅಮ್ಮ ಕಾಲರ್ ಹೊಲಿಯುತ್ತಿದ್ದಾಗ ಪಕ್ಕದ ಮೆಷಿನ್ನಿನಲ್ಲಿ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಗೆಳತಿ. "ಅಯ್ಯೋ ಸಾರ್, ನಾವು ಇವಳನ್ನ ಸೈರನ್ ಅಂತಲೇ ಕರೀತಿದ್ದಿದ್ದು. ಅಷ್ಟೂ ಮೆಷಿನ್ ಓಡ್ತಿರುವಾಗ ಆ ತುದಿಯಿಂದ 'ಕಾಲರ್ ಮುಗೀತು, ತಗೊಂಡೋಗಿ' ಅಂದ್ರೆ ಸೂಪರ್‌ವೈಸರೇ ಎದ್ದು ನಿಲ್ತಿದ್ದ."

"ನೀವು ಬೇರೆ ಯಾರ ಮನೆಗೋ ಬಂದಿರಬೇಕಮ್ಮ," ಅಂದರು ದೊಡ್ಡಪ್ಪ.

"ಇಲ್ಲ ಸಾರ್. ಮುಖ ನೋಡೇ ಕೂತಿದೀನಿ."

*

ಕೆಲವು ವರ್ಷಗಳ ಹಿಂದೆ ಹಡಗು ನೋಡಬೇಕೆಂದು ಆಸೆಪಟ್ಟಿದ್ದು ಅಪ್ಪ. ಎಂದೋ ಮುಗಿದ ಯುದ್ಧದ ಹಡಗು. ಈಗ ಬಂದರಿನಲ್ಲಿ ಸರಪಳಿ ಬಿಗಿಸಿಕೊಂಡು ಮ್ಯೂಸಿಯಂ ಆಗಿ ನಿಂತಿತ್ತು. ಟಿಕೆಟ್ಟು ಮಗಳು ತಂದಿದ್ದಳು. ಅಮ್ಮ ಬಂದದ್ದು ತಿಂಡಿಯ ಚೀಲ ಹೊರಲಿಕ್ಕೆ.

ಡೆಕ್ಕಿನ ಮೇಲೆ ಅಪ್ಪ ಫಿರಂಗಿಗಳನ್ನು ತಟ್ಟಿ ನೋಡುತ್ತ ಮುಂದೆ ಮುಂದೆ ನಡೆದರು. "ಇದೇನ್ರೀ..." ಎಂದು ಅಮ್ಮ ಬಾಯಿ ತೆರೆದರೆ, "ಲಂಗರು, ಅಷ್ಟೂ ಗೊತ್ತಿಲ್ವಾ?" ಎಂದು ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ಅವಳು ಕೇಳಹೊರಟಿದ್ದು ಲಂಗರಿನ ಬಗ್ಗೆಯಲ್ಲ, ಪಕ್ಕದಲ್ಲಿ ತೂಗುಹಾಕಿದ್ದ ನಾವಿಕರ ಅಂಗಿಯ ಕಾಲರಿನ ಬಗ್ಗೆ. ಆಮೇಲೆ ಅಪ್ಪ ಒಂದು ಗುಂಪಿನ ಜೊತೆ ಕೆಳಗೆ ಎಂಜಿನ್ ಕೋಣೆಗೆ ಇಳಿದುಹೋದರು. ತಾಯಿ ಮಗಳು ಇನ್ನೊಂದು ಗುಂಪಿನ ಜೊತೆ ಮೇಲೆ, ಕ್ಯಾಪ್ಟನ್ ನಿಲ್ಲುತ್ತಿದ್ದ ಗಾಜಿನ ಕೋಣೆಗೆ ಹತ್ತಿದರು.

ಅಲ್ಲಿ, ಚುಕ್ಕಾಣಿಯ ಪಕ್ಕ, ಹೂವಿನ ಹಾಗೆ ಬಾಯಿ ಅರಳಿಸಿಕೊಂಡು ನಿಂತಿತ್ತು ಒಂದು ಹಿತ್ತಾಳೆಯ ಕೊಳವೆ. ಹಡಗು ತೋರಿಸುತ್ತಿದ್ದ ಮುದಿ ನಾವಿಕ ಅದರ ಮುಚ್ಚಳ ತೆಗೆದ.

"ಇದು ನೇರವಾಗಿ ಎಂಜಿನ್ ಕೋಣೆಗೆ ಇಳಿಯುತ್ತೆ. ಗುಂಡು ಬಿದ್ದು ಕರೆಂಟು, ಫೋನು ಎಲ್ಲ ಸತ್ತರೂ ಇದೊಂದು ಸಾಯಲ್ಲ. ಇಲ್ಲಿಂದ 'ಪೂರ್ತಿ ವೇಗ, ಮುಂದಕ್ಕೆ' ಅಂದ್ರೆ ಕೆಳಗಿನವನು ಅದೇ ಮಾತನ್ನ ತಿರುಗಿ ಹೇಳಬೇಕು. ಹೇಳದಿದ್ರೆ ಆರ್ಡರ್ ಲೆಕ್ಕಕ್ಕಿಲ್ಲ. ಯಾರಾದ್ರೂ ಹೇಳಿ ನೋಡ್ತೀರಾ?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮ ತಿಂಡಿಯ ಚೀಲವನ್ನು ಮಗಳ ಕೈಗೆ ಕೊಟ್ಟು ಮುಂದೆ ಬಂದಳು. ಕೊಳವೆಯ ಅಂಚನ್ನು ಸೆರಗಿನಿಂದ ಒರೆಸಿ, ಬಾಯಿಟ್ಟಳು.

"ರೀ!"

ಗಾಜು ಝಣ್ ಎಂದಿತು. ಅಂಥ ದನಿ ಅಮ್ಮನೊಳಗಿದೆಯೆಂದು ಮಗಳಿಗೆ ಅಂದಿನವರೆಗೂ ಗೊತ್ತಿರಲಿಲ್ಲ.

"ನಾಳೆಯಿಂದ ಬೆಳಗಿನ ಟೀ ನಿಮ್ಮದು!"

ಕೊಳವೆಗೆ ಕಿವಿಯಿಟ್ಟು ಕಾದಳು. ಸದ್ದಿಲ್ಲ. ಮತ್ತೆ ಬಾಯಿಟ್ಟಳು. "ಆರ್ಡರ್ ತಿರುಗಿ ಹೇಳ್ರೀ!"

ಹಡಗಿನ ಹೊಟ್ಟೆಯೊಳಗಿಂದ, ಬಹಳ ದೂರದಿಂದ, ಅಪ್ಪನ ದನಿ ಸಣ್ಣಗೆ ಏರಿ ಬಂತು: "ನಾಳೆಯಿಂದ... ಬೆಳಗಿನ ಟೀ... ನನ್ನದು."

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಅಮ್ಮ ಬಿಡಲಿಲ್ಲ. "ಪೂರ್ತಿ ವೇಗ, ಮುಂದಕ್ಕೆ!" ಎಂದು ಕೂಗಿ ಆಮೇಲೆ ಮುಚ್ಚಳ ಹಾಕಿದಳು. ಮುದಿ ನಾವಿಕ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದ.

ಮೇಲೆ ಬಂದ ಅಪ್ಪನ ಕಿವಿ ಕೆಂಪಾಗಿತ್ತು. "ಅಷ್ಟು ಜೋರಾಗಿ ಕಿರುಚಬೇಕಿತ್ತಾ? ಎಲ್ಲರೂ ನನ್ನೇ ನೋಡಿದ್ರು."

"ಅಷ್ಟು ಕೆಳಗಿದ್ರಲ್ಲ, ಕೇಳಬೇಡ್ವಾ?"

"ಇಷ್ಟು ವರ್ಷ ಪಕ್ಕದಲ್ಲೇ ಇದ್ದೆ."

"ಪಕ್ಕದಲ್ಲಿದ್ದಾಗ ಕೇಳಿಸ್ತಿರ್ಲಿಲ್ಲ," ಅಂದಳು ಅಮ್ಮ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಆ ಟೀ ಬಾಯಿಗಿಡುವ ಹಾಗಿರಲಿಲ್ಲ. ಅಮ್ಮ ಪೂರ್ತಿ ಕುಡಿದಳು.

ಅಂದಿನಿಂದ ಆ ಮನೆಯಲ್ಲಿ ಸುತ್ತಿದ ನ್ಯೂಸ್‌ಪೇಪರೇ ಕೊಳವೆಯಾಯಿತು. ಕೋಣೆಯಿಂದ "ಈರುಳ್ಳಿ ಹೆಚ್ಚಬೇಕು!" ಎಂದರೆ, ಅಡುಗೆಮನೆಯಿಂದ "ಈರುಳ್ಳಿ ಹೆಚ್ಚಬೇಕು!" ಮೊದಮೊದಲು ಗೊಣಗುತ್ತಿದ್ದ ಅಪ್ಪ, ಬರಬರುತ್ತ ಆರ್ಡರ್ ಬರದಿದ್ದರೆ ತಾವೇ ಬಂದು ಇಣುಕುತ್ತಿದ್ದರು. ಕಾಯಿಲೆ ಬಿದ್ದು ಮಲಗಿದಲ್ಲೇ ಆದ ಮೇಲೂ ಅಮ್ಮ ಪೇಪರ್ ಬಿಡಲಿಲ್ಲ. ಕೊನೆಯ ವಾರ ಅದರಲ್ಲೇ ಹೇಳಿದಳು, "ನನ್ನನ್ನ ಕಳಿಸುವಾಗ ಯಾರೂ ಪಿಸುಗುಟ್ಟಬಾರದು."

ಅಪ್ಪ ತಡವರಿಸುತ್ತ ತಿರುಗಿ ಹೇಳಿದರು. ಅಮ್ಮ ಇಲ್ಲವೆಂದು ತಲೆಯಾಡಿಸಿದಳು. "ಕೇಳಿಸ್ಲಿಲ್ಲ."

ಅಪ್ಪ ಎದ್ದು ನಿಂತು, ಗೋಡೆಯಾಚೆಯ ಮನೆಗೂ ಕೇಳುವ ಹಾಗೆ ಹೇಳಿದರು.

*

"ನೆರಳಿನಂತೆ ಬಾಳಿದವಳು," ಎಂದು ದೊಡ್ಡಪ್ಪ ಎದ್ದು ನಿಂತು ಶುರುಮಾಡುವ ಹೊತ್ತಿಗೆ ಅಪ್ಪ ಅಡುಗೆಮನೆಯಿಂದ ಬಂದು ಅವರ ಕೈಗೆ ಲೋಟ ಹಿಡಿಸಿದರು.

"ಅಣ್ಣ, ಆರಿಹೋಗುತ್ತೆ. ಮೊದಲು ಕುಡಿ."

ಕುಡಿದು ಮುಗಿಸುವಷ್ಟರಲ್ಲಿ ಗಾಡಿ ಬಂತೆಂದು ಕೆಳಗಿನಿಂದ ಕೂಗು ಬಂತು. ಚೀಟಿ ದೊಡ್ಡಪ್ಪನ ಜೇಬಿನಲ್ಲೇ ಉಳಿಯಿತು. "ಗಾಡಿ ಹತ್ತಿರ ಓದ್ತೀನಿ," ಎಂದು ಅವರೂ ಹೊರಟರು.

ಮೆಟ್ಟಿಲು ಇಕ್ಕಟ್ಟು. ಮಂಡಿ ನೋವಿನ ಅಪ್ಪ ಮನೆಯಿದ್ದ ಮೂರನೇ ಅಂತಸ್ತಿನಲ್ಲೇ ಕಟಾಂಜನದ ಕಂಬಿ ಹಿಡಿದು ನಿಂತರು. ಎಲ್ಲರೂ ಇಳಿದ ಮೇಲೆ ನಿಧಾನವಾಗಿ ಬರುವುದೆಂದಾಗಿತ್ತು. ಮಗಳು ಮೊದಲೇ ಇಳಿದು, ತಾನಾಗಿ ಮುಚ್ಚಿಕೊಳ್ಳುವ ಕಬ್ಬಿಣದ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದಳು. ಹೊತ್ತವರು ತಿರುವಿನಲ್ಲಿ ಸಿಕ್ಕಿಕೊಂಡರು. "ಮೆಲ್ಲಗೆ... ಮೆಲ್ಲಗೆ..." ಪಿಸುಮಾತು ಗೋಡೆಗೆ ಉಜ್ಜಿಕೊಂಡು ಇಳಿಯುತ್ತಿತ್ತು.

ಮೇಲಿನಿಂದ ಅಪ್ಪನ ದನಿ ಬಿತ್ತು.

"ಪೂರ್ತಿ ವೇಗ, ಮುಂದಕ್ಕೆ!"

ಹೊತ್ತವರು ಕಲ್ಲಾದರು. "ಅವನಿಗೆ ತಲೆ ಕೆಟ್ಟಿದೆ," ಅಂದರು ದೊಡ್ಡಪ್ಪ. "ಸುಮ್ಮನಿರೋಕೆ ಹೇಳ್ರೋ ಯಾರಾದ್ರೂ."

ಮೇಲೆ ಅಪ್ಪ ತಲೆ ಓರೆ ಮಾಡಿ ಕಿವಿ ಕೊಟ್ಟು ಕಾಯುತ್ತಿರುವುದು ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ಮಗಳಿಗೆ ಕಂಡಿತು. ತಿರುಗಿ ಹೇಳುವವರಿಲ್ಲದಿದ್ದರೆ ಲೆಕ್ಕಕ್ಕಿಲ್ಲ. ಎರಡೂ ಅಂಗೈಗಳನ್ನು ಬಾಯಿಯ ಸುತ್ತ ಅರಳಿಸಿದಳು.

"ಪೂರ್ತಿ ವೇಗ, ಮುಂದಕ್ಕೆ!"

ದನಿ ಅಮ್ಮನದೇ. ದೊಡ್ಡಪ್ಪ ಗೋಡೆಗೆ ಸರಿದರು. ಕಾಜಾ ಹಾಕುವ ಗೆಳತಿ ಕಣ್ಣೊರೆಸಿಕೊಂಡು, ಮೆಷಿನ್ನುಗಳ ಸದ್ದು ಮೀರಿಸಿದ ಗಂಟಲಿನಲ್ಲಿ ಅದನ್ನೇ ಕೂಗಿದಳು. ಆಮೇಲೆ ಅತ್ತೆ, ಅವರ ಹಿಂದೆ ಲೋಟ ಎತ್ತುವ ಹೆಂಗಸರೆಲ್ಲ. ಒಂದೊಂದು ಅಂತಸ್ತಿನಲ್ಲೂ ಬಾಗಿಲುಗಳು ತೆರೆದವು. ಹೊತ್ತವರ ಹೆಜ್ಜೆಗೆ ಹೇಗೋ ತಾಳ ಸಿಕ್ಕಿತು, ತಿರುವು ಬಿಟ್ಟುಕೊಟ್ಟಿತು, ಅಮ್ಮ ಆ ಗದ್ದಲದ ನಡುವೆ ಇಳಿದು ಬಿಸಿಲಿಗೆ ಬಂದಳು.

ಮೂರನೇ ಅಂತಸ್ತಿನಲ್ಲಿ ಅಪ್ಪ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತಿದ್ದರು. ಹಣೆಗೆ ಏರಿದ ಕೈಯಲ್ಲಿ ಟೀ ಜಾಲರಿ ಇನ್ನೂ ಇತ್ತು.