ನೀರು ಕೇಳದ ರಾಗಿ

ಆ ಬೇಸಿಗೆ ನಮ್ಮ ಮನೆಯ ತಾರಸಿ ನಮ್ಮದಾಗಿ ಉಳಿಯಲಿಲ್ಲ. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದ್ದಾಯಿತು, ಅಮ್ಮನ ಸಂಡಿಗೆಗೂ ಜಾಗವಿಲ್ಲ. ಎಲ್ಲಿ ನೋಡಿದರೂ ಕುಂಡಗಳು, ಕುಂಡಗಳಲ್ಲಿ ರಾಗಿ ಪೈರು. ಅದೂ ಬೆಳೆಸಲು ಅಲ್ಲ, ಒಣಗಿಸಲು! ಮಹದೇವಪುರದಲ್ಲಿ ಒಂದು ಜೋರು ಮಳೆ ಬಂದರೆ ಬೀದಿಯಲ್ಲಿ ದೋಣಿ ಬಿಡಬೇಕು. ನನ್ನ ಹೆಂಡತಿ ಹಂಸ ಮಾತ್ರ ಪ್ಲಾಸ್ಟಿಕ್ ಚಪ್ಪರದ ಕೆಳಗೆ ಬರಗಾಲ ಸಾಕುತ್ತಿದ್ದಳು.

ಅವಳ ಪಿಎಚ್.ಡಿ.ಗೆ ಇದೇ ಕೊನೆಯ ಪ್ರಯೋಗ. ಮಣ್ಣು ಒಣಗಿದಾಗ ಗಿಡ ತನ್ನೊಳಗೇ ಒಂದು ಹಾರ್ಮೋನು ತಯಾರಿಸಿಕೊಳ್ಳುತ್ತದಂತೆ. ಅದು ಎಲೆಗೆ ತಲುಪಿದೊಡನೆ ಅಲ್ಲಿನ ಸಣ್ಣ ಸಣ್ಣ ರಂಧ್ರಗಳು ಮುಚ್ಚಿಕೊಂಡು ತೇವ ಒಳಗೇ ಉಳಿಯುತ್ತದೆ. ಅದೇ ಹಾರ್ಮೋನನ್ನು ನಾವೇ ಮೊದಲು ಸಿಂಪಡಿಸಿದರೆ ಪೈರು ಇನ್ನೂ ಕೆಲವು ದಿನ ತಡೆದೀತೇ ಎಂಬುದು ಹಂಸಳ ಪ್ರಶ್ನೆ. ಅರ್ಧ ಕುಂಡಗಳಿಗೆ ಸಿಂಪಡಿಸಿ, ಎಲ್ಲವನ್ನೂ ಬೆರೆಸಿ ಇಟ್ಟಿದ್ದಳು. ಯಾವುದು ಯಾವುದೆಂದು ಅವಳಿಗೊಬ್ಬಳಿಗೇ ಗೊತ್ತು. ನೀರು ಬಿದ್ದರೆ ಎಲ್ಲ ಹಾಳು, ಮತ್ತೆ ಮೊದಲಿಂದ ಬಿತ್ತಬೇಕು.

"ಅತ್ತೆ, ದಯವಿಟ್ಟು ಮೇಲಕ್ಕೆ ನೀರು ತಗೊಂಡ್ ಹೋಗ್ಬೇಡಿ" ಎಂದು ಅಮ್ಮನಿಗೆ ಕೈಮುಗಿದು ಹೇಳಿದ್ದಳು. ನಮ್ಮಮ್ಮ ಆಂಜನಮ್ಮ ಈಗ ಟೆಕ್ ಪಾರ್ಕ್ ನಿಂತಿರುವ ಹೊಲದಲ್ಲಿ ರಾಗಿ ಬೆಳೆದವಳು. "ಆಯ್ತಮ್ಮ" ಎಂದಳು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಒಂದು ಭಾನುವಾರ ಬೆಳಿಗ್ಗೆ ಹಂಸ ತಾರಸಿಯಿಂದ ಕೂಗಿದಳು. ಓಡಿದೆ. ಕುಂಡದ ಮಣ್ಣಿಗೆ ಬೆರಳಿಟ್ಟು ಕೂತಿದ್ದಳು.

"ರೀ, ಯಾರೋ ನೀರು ಹಾಕಿದ್ದಾರೆ!"

ಯಾರೋ ಏನು ಬಂತು, ಅಮ್ಮ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದಳು.

"ನಾನೇ ಹಾಕ್ದೆ. ಎಳೇ ಪೈರು ಕಣಮ್ಮ, ಎಲೆ ಸುರುಳಿ ಸುತ್ಕೊಂಡು ತಲೆ ಬಗ್ಗಿಸ್ಕೊಂಡಿದ್ವು. ಕಂಡೂ ಕಂಡೂ ಹೆಂಗೆ ಬಿಡ್ಲಿ?"

ಹಂಸಳ ಕಣ್ಣು ತುಂಬಿತು. ನನಗೆ ಸಿಟ್ಟು ನೆತ್ತಿಗೇರಿತು. "ಅವಳು ಎಷ್ಟು ಕಷ್ಟಪಟ್ಟಿದ್ಲು ಗೊತ್ತಾ? ಎಲ್ಲಾ ಕುಂಡಕ್ಕೂ ಸುರಿದ್ಬಿಟ್ಯಾ?"

"ಎಲ್ಲಕ್ಕೂ ಯಾಕೆ ಹಾಕ್ಲಿ? ಬಾಡಿದ್ದಕ್ಕೆ ಮಾತ್ರ ಹಾಕ್ದೆ. ಮಿಕ್ಕಿದ್ದು ಚೆನ್ನಾಗೇ ಇದ್ವು."

ಹಂಸ ಕಣ್ಣೊರೆಸಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿದಳು. ಫೋನು ತೆಗೆದು ಅದರಲ್ಲಿದ್ದ ಕುಂಡಗಳ ಪಟ್ಟಿ ನೋಡುತ್ತಾ, ಒಂದೊಂದೇ ಕುಂಡದ ಮಣ್ಣು ಮುಟ್ಟುತ್ತಾ ಹೋದಳು. ಒಂದೆರಡು ಬಿಟ್ಟರೆ, ಒದ್ದೆಯಾಗಿದ್ದೆಲ್ಲ ಸಿಂಪಡಿಸದ ಕುಂಡಗಳು. ಒಣ ಮಣ್ಣಿನಲ್ಲೂ ಹಸಿರಾಗಿ ನಿಂತಿದ್ದವೆಲ್ಲ ಹಾರ್ಮೋನು ಸಿಕ್ಕಿದವು.

"ಕೆಲಸ ಮಾಡ್ತಿದೆ ಅತ್ತೆ!" ಎಂದು ಅಮ್ಮನನ್ನು ತಬ್ಬಿಕೊಂಡಳು. ಕೆಡಿಸಿದವಳಿಗೆ ಅಪ್ಪುಗೆ, ಹೆಂಡತಿಯ ಪರವಾಗಿ ಜಗಳಕ್ಕೆ ನಿಂತ ನನಗೆ ಏನೂ ಇಲ್ಲ.

ಆದರೂ ಕೆಟ್ಟದ್ದು ಕೆಟ್ಟದ್ದೇ. ಹಂಸ ನಡೆದದ್ದನ್ನೆಲ್ಲ ಗೈಡ್‌ಗೆ ಹೇಳಿದಳು. ಅವರು ಹೊಟ್ಟೆ ತುಂಬ ನಕ್ಕು, ಮತ್ತೆ ಬಿತ್ತಿ ಎಂದರು. ಬಿತ್ತಿದ್ದಾಯಿತು. ಪೈರು ಎದ್ದು, ನೀರು ನಿಲ್ಲಿಸುವ ದಿನ ಬಂದಾಗ ನಾನು ತಾರಸಿಯ ಬಾಗಿಲಿಗೆ ಬೀಗ ತಂದೆ. ನೋಡಿದರೆ ಅಮ್ಮ ಬ್ಯಾಗಿಗೆ ಸೀರೆ ತುಂಬುತ್ತಿದ್ದಳು.

"ಎಲ್ಲಿಗಮ್ಮ?"

"ಹೊಸಕೋಟೆಗೆ, ನಿಮ್ಮ ಚಿಕ್ಕಮ್ಮನ ಮನೆಗೆ. ಬೀಗ ಗೀಗ ಬೇಡ ಕಣೋ. ಅವಳು ನೆಮ್ಮದಿಯಾಗಿ ಒಣಗಿಸ್ಕೊಳ್ಳಲಿ. ನಾನಿಲ್ಲಿದ್ರೆ ಬೀಗ ಒಡೆದಾದ್ರೂ ಹಾಕ್ಬಿಡ್ತೀನಿ."

ಹಂಸ ಬೇಡವೆನ್ನಲಿಲ್ಲ. ಅತ್ತೆಯ ಕೈ ಹಿಡಿದುಕೊಂಡಳು. "ಎಲ್ಲಾ ಮುಗಿದ ದಿನ ಫೋನ್ ಮಾಡ್ತೀನಿ. ನೀವು ಬರೋವರೆಗೂ ಯಾರೂ ನೀರು ಹಾಕಲ್ಲ."

ಅಮ್ಮ ದಿನವೂ ಫೋನ್ ಮಾಡಿದಳು. ಮಗ ಊಟ ಮಾಡಿದನೇ ಎಂದು ಕೇಳಲಿಲ್ಲ, ಎಲೆ ಹೇಗಿದೆ ಎಂದಷ್ಟೇ ಕೇಳಿದಳು. ಕೊನೆಗೂ ಅಳತೆಗಳೆಲ್ಲ ಮುಗಿದವು. ಸಿಂಪಡಿಸಿದ ಪೈರೇ ಗೆದ್ದಿತ್ತು. ಹಂಸ ಕುಣಿಯುವುದೊಂದು ಬಾಕಿ.

ಮಧ್ಯಾಹ್ನದ ಬಿಸಿಲಲ್ಲಿ ಅಮ್ಮ ಕೆ.ಆರ್. ಪುರದಲ್ಲಿ ಬಸ್ಸಿಳಿದು ಆಟೊ ಹಿಡಿದು ಬಂದಳು. ಮುಖವೆಲ್ಲ ಬೆವರು. ಬಾಗಿಲಲ್ಲೇ ಕುಡಿಯಲು ಒಂದು ಚೊಂಬು ತಣ್ಣೀರು ಕೊಟ್ಟೆ. ಒಂದು ಗುಟುಕೂ ಕುಡಿಯದೆ, ಚೊಂಬು ಹಿಡಿದುಕೊಂಡೇ ಸೀದಾ ಮೆಟ್ಟಿಲು ಹತ್ತಿದಳು.